ಅವರು ಒಪ್ಪಿಕೊಂಡ ಅರ್ಧ ಪಗಾರ

ನನ್ನ ಗಂಡ ಚೆಂಡು ಒದ್ದು ಸಂಸಾರ ನಡೆಸುತ್ತಾರೆ ಎಂಬುದನ್ನು ನನ್ನ ತವರಿನವರು ಬಹಳ ದಿನ ನಂಬಿರಲಿಲ್ಲ. ಅಥಣಿ ತಾಲೂಕಿನಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದವರು ನಾವು. ಕನ್ಯೆ ನೋಡಲು ಬಂದ ದಿನ ಅಪ್ಪ, "ಆಟ ಆತು, ನೌಕರಿ ಏನ್ ಮಾಡ್ತೀರಿ?" ಎಂದು ಕೇಳಿದ್ದರು. "ಅದ ನೌಕರಿ ರೀ" ಎಂದು ಇವರು ಹೇಳಿದಾಗ ಅಪ್ಪ ಚಹಾದ ಬಸಿಯನ್ನು ಕೆಳಗಿಟ್ಟು ಚಿಕ್ಕಪ್ಪನ ಮುಖ ನೋಡಿದರು. ಮದುವೆಯಾದ ಮೇಲೂ ನೆಂಟರು ಕೇಳಿದರೆ, "ಅಳಿಯಾ ರೇಲ್ವೆದಾಗ ಅದಾರ" ಎಂದು ಹೇಳಿಬಿಡುತ್ತಿದ್ದರು. ಫುಟ್ಬಾಲ್ ಆಡಿದ್ದಕ್ಕೆ ತಿಂಗಳಿಗೆ ತಿಂಗಳು ಪಗಾರ ಬರುತ್ತದೆ ಎಂದು ವಿವರಿಸುವುದಕ್ಕಿಂತ ಅದೇ ಅವರಿಗೆ ಸಸಾರವಾಗಿತ್ತು.

ಇವರ ಊರು ನಿಪ್ಪಾಣಿಯಲ್ಲಿ ಹಾಗಲ್ಲ. ಕೊಲ್ಹಾಪುರ ಅಲ್ಲಿಂದ ಬಸ್ಸಿನಲ್ಲಿ ತಾಸಿನ ದಾರಿ, ಕೊಲ್ಹಾಪುರದವರಿಗೆ ಫುಟ್ಬಾಲ್ ಎಂದರೆ ಊಟ ಬೇಡ. ಅಲ್ಲಿ ತಾಲೀಮು ಎನ್ನುವ ಕುಸ್ತಿ ಗರಡಿಗಳ ಹೆಸರಿನಲ್ಲೇ ಫುಟ್ಬಾಲ್ ತಂಡಗಳಿವೆ. ನನ್ನ ಗಂಡ ಹುಡುಗರಾಗಿದ್ದಾಗಲೇ ಬಸ್ಸು ಹತ್ತಿ ಹೋಗಿ ಅಂಥ ಒಂದು ತಂಡಕ್ಕೆ ಆಡುತ್ತಿದ್ದರಂತೆ. ಎತ್ತರದ ಆಳು, ಹಿಂದೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರ ಮುಂದಾಳು. ಮುಂದೆ ಕರಾವಳಿಯ ಒಂದು ದೊಡ್ಡ ನಗರದ ಕ್ಲಬ್ಬು ಅವರನ್ನು ತೆಗೆದುಕೊಂಡಿತು. ನಾನು ಮದುವೆಯಾಗಿ ಬರುವಷ್ಟರಲ್ಲಿ ಅವರೇ ಕ್ಯಾಪ್ಟನ್. ವರ್ಷದ ಬಹುಭಾಗ ಅವರು ಅಲ್ಲಿ. ನಾನು ನಿಪ್ಪಾಣಿಯ ಮನೆಯಲ್ಲಿ ಅತ್ತೆಯ ಜೊತೆ. ಬೆಳಿಗ್ಗೆ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಹೈಸ್ಕೂಲಿನಲ್ಲಿ ಪಾಠ ಮಾಡಿ ಸಂಜೆ ಬರುತ್ತಿದ್ದೆ.

ಅತ್ತೆಯನ್ನು ಇವರು ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿ ಮಗನನ್ನು ಬೆಳೆಸಿದ ಹೆಂಗಸು. ಮಗ ಗಳಿಸಲು ಶುರು ಮಾಡಿದ ಮೇಲೂ ಮೊರ ಬಿಡಲಿಲ್ಲ. "ಕೈ ಸುಮ್ಮಕ ಇರಂಗಿಲ್ಲ" ಎಂದು ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತುತ್ತಾ ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದರು.

ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ಲೀಗು ಅರ್ಧಕ್ಕೆ ನಿಂತಿತು. ಮಹಾರಾಷ್ಟ್ರದ ಗಡಿ ಮುಚ್ಚುವ ಮೊದಲೇ ಇವರು ಮನೆ ಸೇರಿಕೊಂಡಿದ್ದರು. ಅಷ್ಟು ದಿನ ಗಂಡ ಮನೆಯಲ್ಲಿ ಇದ್ದದ್ದನ್ನು ನಾನು ಕಂಡಿರಲೇ ಇಲ್ಲ. ಬೆಳಿಗ್ಗೆ ಮಾಳಿಗೆಯ ಮೇಲೆ ಓಡುತ್ತಿದ್ದರು, ಸಂಜೆ ಸೊಂಟಕ್ಕೆ ಹಗ್ಗ ಕಟ್ಟಿ ಟಯರು ಎಳೆಯುತ್ತಿದ್ದರು. ಹೆದ್ದಾರಿಯಲ್ಲಿ ಲಾರಿಗಳ ಸದ್ದಿಲ್ಲ. ತಂಬಾಕಿನ ಪೇಟೆ ಬಂದ್. ಬೀಡಿ ಎಲೆ ಬರುವುದು ನಿಂತು ಆಯಿಯ ಮೊರ ಗೋಡೆಗೆ ಒರಗಿತ್ತು.

ಒಂದು ದಿನ ಊಟದ ಹೊತ್ತಿಗೆ ಕ್ಲಬ್ಬಿನ ಮ್ಯಾನೇಜರರ ಫೋನ್ ಬಂತು. ಇವರು ಮೊಬೈಲನ್ನು ತಂಬಿಗೆಗೆ ಆನಿಸಿ ನಿಲ್ಲಿಸಿ ಉಣ್ಣುತ್ತಲೇ ಮಾತಾಡಿದರು. ಮ್ಯಾನೇಜರು ಒಳ್ಳೆಯ ಮಾತುಗಾರ, ಮಾತೆಲ್ಲ ಇಂಗ್ಲಿಷು ಹಿಂದಿ ಕೂಡಿದ್ದು. ಮ್ಯಾಚಿಲ್ಲ, ಟಿಕೆಟ್ಟಿಲ್ಲ, ಜಾಹೀರಾತು ಕೊಡುವವರು ಕೈ ಎತ್ತಿದ್ದಾರೆ, ಮಾಲಕರ ಹೋಟೆಲುಗಳಿಗೆಲ್ಲ ಬೀಗ ಬಿದ್ದಿದೆ, ಆದ್ದರಿಂದ ಆಟಗಾರರೆಲ್ಲ ಅರ್ಧ ಪಗಾರಕ್ಕೆ ಒಪ್ಪಬೇಕೆಂದು ಕೇಳುತ್ತಿದ್ದೇವೆ, ಕ್ಯಾಪ್ಟನ್ ಆದ ನೀವು ಯೋಚಿಸಿ ಸಂಜೆ ಎಲ್ಲರೂ ಕೂಡಿದಾಗ ನಿಮ್ಮ ಮಾತು ಹೇಳಿ ಎಂದರು.

ಫೋನ್ ಇಟ್ಟ ಮೇಲೆ ಜೋಳ ಹಸನು ಮಾಡುತ್ತಾ ಕೂತಿದ್ದ ಆಯಿ ಕೇಳಿದರು: "ಏನಂತ ಬಾಳಾ?"

"ಪಗಾರ ಅರ್ಧಾ ಮಾಡ್ತಾರಂತ ಆಯಿ."

"ಅರ್ಧಾ ಅಂದ್ರ ಎಷ್ಟ?"

ಇವರು ಹೇಳಿಬಿಟ್ಟರು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ನಗರದ ದೊಡ್ಡ ಸಾಹೇಬರ ಕಣ್ಣಿಗೆ ಅದೇನು ದೊಡ್ಡದಲ್ಲ. ಆದರೆ ನಮ್ಮ ಓಣಿಯಲ್ಲಿ ಅಷ್ಟು ದುಡ್ಡನ್ನು ಒಟ್ಟಿಗೆ ಕಂಡವರು ಯಾರೂ ಇರಲಿಲ್ಲ.

ಆಯಿಯ ಕೈ ಜೋಳದಲ್ಲೇ ನಿಂತಿತು. "ವರ್ಸಕ್ಕ?"

"ತಿಂಗಳಿಗೆ."

ಅವರು ಮಗನನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ. ಯಾರೋ ಪರ ಊರಿನವನು ಮನೆಯೊಳಗೆ ಬಂದು ತಾಟು ಹಾಕಿಸಿಕೊಂಡು ಉಣ್ಣುತ್ತಿದ್ದಾನೆ ಎನ್ನುವಂತೆ ನೋಡಿದರು. ಮಗ ಚೆನ್ನಾಗಿ ಗಳಿಸುತ್ತಾನೆಂದು ಅವರಿಗೆ ಗೊತ್ತಿತ್ತು, ಸ್ಲ್ಯಾಬಿನ ಮನೆ ಎದ್ದದ್ದನ್ನು ಕಣ್ಣಾರೆ ಕಂಡಿದ್ದರು. ಆದರೆ ಎಷ್ಟು ಎಂದು ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಆಯಿ ಎದ್ದು, ಕಾಳಿನ ಮೊರವನ್ನು ಅಲ್ಲೇ ಬಿಟ್ಟು, ಹೊರಗೆ ಹೋಗಿ ಖಾಲಿ ಕಟ್ಟೆಯ ಮೇಲೆ ಕೂತರು. ಆ ಬಿಸಿಲಿನಲ್ಲಿ ಓಣಿಯಲ್ಲಿ ನಾಯಿಯೂ ಇರಲಿಲ್ಲ. ನಾನು ಹೋಗಿ ಕರೆದರೆ, "ಬರ್ತೀನಿ ಹೋಗ್ ಬಾಯಿ" ಎಂದರೇ ಹೊರತು ಏಳಲಿಲ್ಲ.

ಮಧ್ಯಾಹ್ನ ನನಗೂ ಇವರಿಗೂ ಜಗಳವೇ ಆಯಿತು.

"ಒಪ್ಪತೀರೇನು?" ಎಂದೆ.

"ಒಪ್ಪದ ಏನ್ ಮಾಡ್ಲಿ? ಆಟಾನ ಇಲ್ಲ. ಮಾಲಕಾದ್ರೂ ಎಲ್ಲಿಂದ ಕೊಡಬೇಕು?"

"ನಿಮ್ಮ ಆಟ ಇನ್ನೆಷ್ಟ ವರ್ಷ? ಮೊಣಕಾಲಿಗೆ ಒಮ್ಮೆ ಆಪರೇಷನ್ ಆಗೈತಿ. ನಮ್ಮಪ್ಪನ ದ್ರಾಕ್ಷಿ ಈ ವರ್ಷ ಬಳ್ಳ್ಯಾಗ ಒಣಗಿ ಹೋಗ್ಯಾವ, ಖರೆ. ಆದ್ರ ಬಳ್ಳಿ ಐತಿ, ಬರೋ ವರ್ಷ ಮತ್ತ ಹಣ್ಣ ಬಿಡ್ತೈತಿ. ನಿಮ್ಮ ಕಾಲ ಬಿಡ್ತೈತೇನು?"

ಅವರಿಗೆ ಅದರಿಂದ ನೋವಾಯಿತು ಎಂದು ಮುಖದಲ್ಲೇ ಕಂಡಿತು. ಆದರೂ ನಾನು ಹೇಳಿದ್ದು ಸುಳ್ಳಲ್ಲ. ಸರ್ಕಾರಿ ಶಾಲೆಯ ನನಗೆ ಅರವತ್ತರವರೆಗೆ ಪಗಾರ ಬರುತ್ತದೆ. ಅವರದು ಮೂವತ್ತೈದಕ್ಕೆ ಮುಗಿಯುವ ಕೆಲಸ. ಆಟಗಾರರು ಕೊಬ್ಬಿದ್ದಾರೆ, ಅವರ ಪಗಾರ ಕತ್ತರಿಸಿದರೆ ತಪ್ಪೇನು ಎಂದು ಟೀವಿಯಲ್ಲಿ ಕೂತು ಹೇಳುವವರಿಗೆ ಆ ಲೆಕ್ಕ ಕಾಣುವುದಿಲ್ಲ ಎಂದು ನನಗೆ ಸಿಟ್ಟಿತ್ತು.

ನಮ್ಮ ಮಾತು ಕಿವಿಗೆ ಬಿದ್ದಿರಬೇಕು, ಆಯಿ ಬಾಗಿಲಿಗೆ ಬಂದು ನಿಂತರು. "ನಮ್ಮ ಬೀಡಿ ಬಂದ್ ಆತು. ಅರ್ಧಾ ಕೊಡ್ಲೋ ಪೂರಾ ಕೊಡ್ಲೋ ಅಂತ ನಮ್ಮನ್ಯಾರ ಕೇಳಿದ್ರು? ಎಲಿ ಬರಲಿಲ್ಲ, ಮುಗೀತು. ನಿನ್ನ ಕೇಳಾಕತ್ತಾರ. ಇಷ್ಟ ಬರ್ತಿದ್ರ ಅರ್ಧಾ ಬಿಡು ಬಾಳಾ. ಬಿಡು." ಅಷ್ಟು ಹೇಳಿ ಒಳಗೆ ಹೋದರು.

ಸಂಜೆ ಹೊಸ ಹುಡುಗರನ್ನು ಬಿಟ್ಟು ಎಲ್ಲ ಆಟಗಾರರೂ ಮೊಬೈಲಿನ ಪರದೆಯ ಮೇಲೆ ಕೂಡಿದರು. ಯಾರದೋ ಹಿಂದೆ ತೆಂಗಿನ ಮರ, ಯಾರದೋ ಹಿಂದೆ ಮಂಚದ ಮೇಲೆ ಮಗು. ಇವರು ಕ್ಲಬ್ಬಿನ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮ್ಯಾನೇಜರು ಮಧ್ಯಾಹ್ನದ ಮಾತನ್ನೇ ಮತ್ತೆ ಹೇಳಿ ಇವರ ಕಡೆ ತಿರುಗಿದರು. ಇವರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ಕ್ಲಬ್ ಉಳಿಯಬೇಕಾದರೆ ನಾವು ಬಿಟ್ಟುಕೊಡಬೇಕು. ನನ್ನದು ಅರ್ಧಕ್ಕಿಂತ ಹೆಚ್ಚು ಕಡಿಯಿರಿ, ನಡೆಯುತ್ತದೆ. ಆದರೆ ಹೊಸದಾಗಿ ಬಂದ ಹುಡುಗರದು ಮುಟ್ಟಬೇಡಿ. ಅಡುಗೆಯವರದು, ನಮ್ಮ ಅಂಗಿ ಒಗೆಯುವವರದು ಒಂದು ಪೈಸೆಯೂ ಕಡಿಯಬೇಡಿ. ಹಾಗಿದ್ದರೆ ಮಾತ್ರ ನಾನು ಒಪ್ಪುತ್ತೇನೆ."

ಪರದೆಯ ಮೇಲೆ ಚಪ್ಪಾಳೆಯಾಯಿತು. ಮ್ಯಾನೇಜರು ಎದೆಯ ಮೇಲೆ ಕೈ ಇಟ್ಟುಕೊಂಡು, ಇದಕ್ಕೇ ನಿಮ್ಮನ್ನು ಕ್ಯಾಪ್ಟನ್ ಮಾಡಿದ್ದು ಎಂದರು. ನನಗೆ ಅರ್ಧ ಸಿಟ್ಟು, ಅರ್ಧ ಹೆಮ್ಮೆ. ಆ ರಾತ್ರಿ ಆಯಿ ಮಗನಿಗೆ ಬಿಸಿ ರೊಟ್ಟಿ ಬಡಿದು ಹಾಕಿದರು.

ಮಳೆಗಾಲ ಶುರುವಾಗಿ ಬಂದೋಬಸ್ತು ಸಡಿಲವಾದ ಮೇಲೆ, ಒಂದು ಬೆಳಿಗ್ಗೆ ಬಾಗಿಲ ಮುಂದೆ ಮೋಟರ್ ಸೈಕಲ್ ನಿಂತಿತು. ಕುಡಚಿಯಿಂದ ಬಂದಿದ್ದ ಅಪ್ಪ ಮಗ. ಮಗ ನನ್ನ ಗಂಡನ ತಂಡದ ಅತಿ ಕಿರಿಯ ಆಟಗಾರ. ರಾಯಬಾಗದಲ್ಲಿ ನಡೆದ ಯಾವುದೋ ಪಂದ್ಯದಲ್ಲಿ, ಕಲ್ಲು ಎದ್ದ ನೆಲದ ಮೇಲೆ ಬರಿಗಾಲಲ್ಲಿ ಓಡುತ್ತಿದ್ದವನನ್ನು ಇವರೇ ಕಂಡು ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರು. ಇವರನ್ನು ಭಾಯಿ ಎನ್ನುತ್ತಿದ್ದ, ನನ್ನನ್ನು ಭಾಭಿ. ಅವರಪ್ಪ ಕುಡಚಿ ಸ್ಟೇಶನ್ನಿನ ಹೊರಗೆ ಬಾಳೆಹಣ್ಣು ಮಾರುವವರು. ರೈಲುಗಳೇ ನಿಂತ ಮೇಲೆ ಮನೆ ನಡೆಯುತ್ತಿದ್ದದ್ದು ಮಗನ ಪಗಾರದಲ್ಲಿ.

"ಬರ್ರಿ, ಒಳಗ ಬರ್ರಿ" ಎಂದೆ. ಅಪ್ಪ ಹೊಸ್ತಿಲು ದಾಟಲಿಲ್ಲ. ಬಾಯಿಗೆ ಕಟ್ಟಿಕೊಂಡಿದ್ದ ವಸ್ತ್ರವನ್ನು ಕೆಳಗೆ ಎಳೆದು ಇವರಿಗೆ ನೇರವಾಗಿ ಹೇಳಿದರು: "ಸಾಹೇಬ್ರ, ನಿಮ್ಮ ಹೊಟ್ಟಿ ತುಂಬೈತಿ. ನಿಮ್ಮದ ನೀವು ಬಿಡ್ರಿ, ಯಾರ ಬ್ಯಾಡ ಅಂತಾರ? ನಮ್ಮ ಹುಡುಗಂದ ಯಾಕ ಬಿಟ್ಟ ಕೊಟ್ರಿ?"

ಇವರಿಗೆ ಅರ್ಥವಾಗಲಿಲ್ಲ. "ಏನ್ ಬಿಟ್ಟ ಕೊಟ್ಟೆ? ಹುಡುಗರದ ಮುಟ್ಟಬ್ಯಾಡ್ರಿ ಅಂತನ ಹೇಳೀನಲ್ಲ."

ಮಗ ಅಲ್ಲಿಯವರೆಗೆ ನೆಲ ನೋಡುತ್ತಾ ನಿಂತಿದ್ದವನು, ಮೊಬೈಲ್ ತೆಗೆದು ಮುಂದೆ ಹಿಡಿದ. ಅದರಲ್ಲಿ ನಮ್ಮ ಪಡಸಾಲೆ. ನಮ್ಮ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು, ಕ್ಲಬ್ಬಿನ ಅಂಗಿ ತೊಟ್ಟ ನನ್ನ ಗಂಡ. "ಕ್ಲಬ್ ಉಳಿಯಬೇಕಾದರೆ ನಾವು ಬಿಟ್ಟುಕೊಡಬೇಕು. ನನ್ನದು ಅರ್ಧಕ್ಕಿಂತ ಹೆಚ್ಚು ಕಡಿಯಿರಿ, ನಡೆಯುತ್ತದೆ." ಅಲ್ಲಿಗೆ ಸಂಗೀತ ಬಂತು, ಕ್ಲಬ್ಬಿನ ಚಿಹ್ನೆ ಬಂತು, ಮುಗಿಯಿತು.

ಆಮೇಲಿನ ಮಾತುಗಳೇ ಇರಲಿಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೆ, ಅವರ ದನಿ ಎಲ್ಲಿ ಏರಿತು ಎಂಬುದೂ ನೆನಪಿತ್ತು. ಮತ್ತೊಮ್ಮೆ ಹಾಕು ಎಂದೆ. ಅವನು ಹಾಕಿದ. ಮತ್ತೆ ಅಷ್ಟೇ. ಆ ವೀಡಿಯೊವನ್ನು ಪ್ರತಿಯೊಬ್ಬ ಆಟಗಾರನಿಗೂ ಬೇರೆ ಬೇರೆಯಾಗಿ ಕಳಿಸಿ, ನಿಮ್ಮ ಕ್ಯಾಪ್ಟನ್ನೇ ಒಪ್ಪಿದ್ದಾರೆ, ನೀವು ಏನು ಹೇಳುತ್ತೀರಿ ಎಂದು ಕೇಳಿದ್ದರು. ಎಲ್ಲರಿಗೂ ಅರ್ಧ. ಹುಡುಗರಿಗೂ ಅರ್ಧ.

"ಇವರು ಮುಂದನೂ ಹೇಳ್ಯಾರ್ರಿ" ಎಂದೆ ಆ ಅಪ್ಪನಿಗೆ. "ನಾ ಇಲ್ಲೇ ನಿಂತಿದ್ದೆ. ನನ್ನ ಕಿವಿಲೆ ಕೇಳೀನಿ."

"ಕೇಳಿರಬೇಕ್ರಿ ಅಕ್ಕಾರ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಆದ್ರ ಇದರಾಗ ಇಲ್ಲಲ್ರಿ."

ಇವರು ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಹಚ್ಚಿದರು, ಎಲ್ಲರಿಗೂ ಕೇಳಲಿ ಎಂದು ದನಿ ದೊಡ್ಡದು ಮಾಡಿದರು. ಮ್ಯಾನೇಜರಿಗೆ ಗಾಬರಿಯೇನೂ ಆಗಲಿಲ್ಲ. ವೀಡಿಯೊ ಉದ್ದವಾದರೆ ಯಾರೂ ನೋಡುವುದಿಲ್ಲವೆಂದು ಪ್ರಚಾರದ ಹುಡುಗರು ಚಿಕ್ಕದು ಮಾಡಿದ್ದಾರೆ, ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ಅಭಿಮಾನಿಗಳೆಲ್ಲ ನಿಮ್ಮನ್ನು ಎಷ್ಟು ಹೊಗಳುತ್ತಿದ್ದಾರೆ ನೋಡಿದಿರಾ ಎಂದರು. ಅಡುಗೆಯವರು, ಬಟ್ಟೆ ಒಗೆಯುವವರ ವಿಷಯ ಕೇಳಿದ್ದಕ್ಕೆ, ಅವರನ್ನು ಆ ಸಭೆಗಿಂತ ಮೊದಲೇ ಬಿಡಿಸಿಯಾಗಿತ್ತು ಎಂದರು. ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದರು. ಇನ್ನು ಹುಡುಗರ ಮಾತು ಯಾಕೆ, ಅವರೆಲ್ಲ ಸಹಿ ಮಾಡಿದ್ದಾರಲ್ಲ?

ಇವರು ತಿರುಗಿ ಆ ಹುಡುಗನನ್ನು ನೋಡಿದರು. "ಸಹಿ ಮಾಡಿದ್ಯಾ?"

"ಮಾಡೇನಿ ಭಾಯಿ."

"ನನಗೊಂದ ಮಾತ ಕೇಳಬಾರದಿತ್ತೇನೋ?"

"ನೀವ ಒಪ್ಪಿದ ಮ್ಯಾಲ ನಾ ಹೆಂಗ ಒಲ್ಲೆ ಅನ್ಲಿ ಭಾಯಿ?"

ನನ್ನ ಗಂಡ ಸಿಟ್ಟಿನ ಮನುಷ್ಯ. ಮೈದಾನದಲ್ಲಿ ರೆಫರಿಯ ಮೇಲೆ ಕೂಗಾಡಿದ್ದನ್ನು ನೋಡಿದ್ದೇನೆ. ಅವತ್ತು ಕೂಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ಮಳೆಯ ಸಣ್ಣ ಹನಿ ಬೀಳುತ್ತಿತ್ತು, ಆ ಅಪ್ಪ ಮಗ ಅಂಗಳದಲ್ಲೇ ನಿಂತು ನೆನೆಯುತ್ತಿದ್ದರು. ಆಯಿ ಒಳಗಿಂದ ಬಂದು, "ಆತ್ ಯಾ ಭಾವು, ಒಳಗ ಬಂದ ಚಹಾ ಕುಡದ ಹೋಗ್ರಿ" ಎಂದು ಮರಾಠಿ ಕನ್ನಡ ಕೂಡಿಸಿ ಕರೆದರು. ಅವರು ಒಲ್ಲೆ ಎಂದು ಕೈ ಮುಗಿದು ಮೋಟರ್ ಸೈಕಲ್ ತಿರುಗಿಸಿಕೊಂಡು ಚಿಕ್ಕೋಡಿಯ ದಾರಿ ಹಿಡಿದರು. ಅಷ್ಟು ದೂರದಿಂದ ಬಂದವರು ನೀರನ್ನೂ ಮುಟ್ಟದೆ ಹೋದರು.

ಇವರು ಬಾಯಿಮಾತಿನಲ್ಲಿ ಒಪ್ಪಿದ್ದರೇ ಹೊರತು ಕಾಗದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ಹುಡುಗರ ಪಗಾರ ಮೊದಲಿನಂತೆ ಮಾಡುವವರೆಗೆ ಹಾಕುವುದಿಲ್ಲ ಎಂದು ಆ ದಿನವೇ ಹೇಳಿ ಕಳಿಸಿದರು. ಆಮೇಲೆ ತಂಡದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಾನು ಹೇಳಿದ್ದು ಇಷ್ಟಲ್ಲ, ಇನ್ನೂ ಇತ್ತು, ನೀವೂ ಕೇಳಿದ್ದೀರಿ ಎಂದು ನೆನಪು ಮಾಡಿಕೊಡಲು ಕೂತರು. ಆ ಸಂಜೆ ಪರದೆಯ ಮೇಲೆ ಅವರೆಲ್ಲ ಇದ್ದರಲ್ಲ! ಆದರೆ ಆದದ್ದೇ ಬೇರೆ. ಒಬ್ಬರು, ನನ್ನ ನೆಟ್‌ವರ್ಕ್ ಆಗ ಹೋಗಿತ್ತು ಎಂದರು. ಇನ್ನೊಬ್ಬರು, ನೆನಪಿಲ್ಲ ಎಂದರು. ಇವರ ಜೊತೆ ವರ್ಷಗಟ್ಟಲೆ ಒಂದೇ ಖೋಲಿಯಲ್ಲಿ ಮಲಗಿದ್ದ ಗೋಲ್‌ಕೀಪರ್, "ನೀನು ಹೇಳಿದ್ದು ನಿಜ. ಆದರೆ ನನಗೆ ಇಬ್ಬರು ಮಕ್ಕಳು. ನನ್ನನ್ನು ಸಾಕ್ಷಿಗೆ ಎಳೆಯಬೇಡ" ಎಂದು ಫೋನ್ ಇಟ್ಟ. ಚಪ್ಪಾಳೆ ತಟ್ಟಿದ್ದ ಆ ಎಲ್ಲ ಕೈಗಳನ್ನೂ ನಾನು ಕಂಡಿದ್ದೆ.

ವಾರದೊಳಗೆ ಪತ್ರಿಕೆಯ ಒಂದು ಮೂಲೆಯಲ್ಲಿ, ಕೊಟ್ಟ ಮಾತಿಗೆ ತಪ್ಪಿದ ಕ್ಯಾಪ್ಟನ್ ಎಂಬ ಸುದ್ದಿ ಬಂತು. ಸಂಕಟದ ಕಾಲದಲ್ಲಿ ಪಗಾರ ಬಿಡಲು ಒಪ್ಪಿ ಕೊನೆಗೆ ಹಿಂದೆ ಸರಿದರು ಎಂದು ಅದರಲ್ಲಿತ್ತು. ಇವರ ಪಗಾರ ಎಷ್ಟೆಂಬುದೂ ಇತ್ತು. ಅದನ್ನು ಓದಿದ ಮೇಲೆ ಓಣಿಯವರು ನಮ್ಮನ್ನು ನೋಡುವ ರೀತಿಯೇ ಬದಲಾಯಿತು. ನಲ್ಲಿಯ ಹತ್ತಿರ ನಾನು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು. ಮೂರು ತಿಂಗಳು ಬೀಡಿ ಕೆಲಸವಿಲ್ಲದೆ ಕೂತ ಹೆಂಗಸರಿಗೆ ಆ ಅಂಕಿ ನೋಡಿ ಏನನ್ನಿಸಿರಬಹುದು? ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದರ ಅರ್ಧ ಕೇಳಿಯೇ ನಮ್ಮ ಮನೆಯ ಆಯಿ ಕಟ್ಟೆಗೆ ಹೋಗಿ ಕೂತಿದ್ದರಲ್ಲ.

ಒಂದು ದಿನ ನಲ್ಲಿಯ ಹತ್ತಿರ ಒಬ್ಬಾಕೆ, "ಇಷ್ಟ ತಗೊಂಡನೂ ಸಾಲಂಗಿಲ್ಲ ನೋಡ್ರಿ ಕೆಲವರಿಗೆ" ಎಂದಳು, ಯಾರಿಗೋ ಹೇಳುವ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಆಯಿ ಕೊಡ ಕೆಳಗಿಟ್ಟರು.

"ಹೌದವಾ, ಭಾಳ ತಗೋತಾನ. ನಾನೂ ಹೌಹಾರೀನಿ. ಬಿಟ್ಟ ಬಿಡು ಅಂತ ನಾನ ಹೇಳಿದ್ದೆ. ಅವ ಬಿಟ್ಟಿದ್ದ. ಅವ ಬಿಟ್ಟಿದ್ದನ್ನ ತೋರಿಸಿ ಬಾಳೆಹಣ್ಣ ಮಾರಾವನ ಮಗನ ಕಡಿಂದನೂ ಕಸಕೊಂಡಾರ. ಈಗ ಬಿಡಬ್ಯಾಡ ಅಂತ ನಾನ ಹೇಳಾಕತ್ತೇನಿ."

ಮನೆಯಲ್ಲಿ ಅವರು ಇದನ್ನು ಆಡಿರಲೇ ಇಲ್ಲ. ಮಗನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದರು. ಆ ಸಂಜೆ ಇವರಿಗೆ ಹೇಳಿದೆ. ಇವರು ಹೋಗಿ ಆಯಿಯ ಹತ್ತಿರ ನೆಲದ ಮೇಲೆ ಕೂತರು. ಆಗಲೇ ಎಲೆ ಬರಲು ಶುರುವಾಗಿತ್ತು. ಆಯಿ ಬೀಡಿ ಸುತ್ತುತ್ತಿದ್ದರು, ಮಗ ಎಲೆ ಕತ್ತರಿಸಿ ಕೊಟ್ಟರು. ಹುಡುಗರಿದ್ದಾಗ ಕಲಿತದ್ದಂತೆ, ಕೈ ಮರೆತಿರಲಿಲ್ಲ.

ಹುಡುಗರ ಪಗಾರ ಸರಿಯಾಗಲಿಲ್ಲ. ಇವರ ಕರಾರು ಮುಗಿದ ಮೇಲೆ ಕ್ಲಬ್ಬು ಮುಂದುವರಿಸಲಿಲ್ಲ. ಎರಡು ಸಾಲಿನ ಇಮೇಲಿನಲ್ಲಿ ಶುಭ ಕೋರಿತ್ತು. ಅದನ್ನು ನಾವು ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಬಂದದ್ದು ಆಮೇಲೆ. ಹೊಸ ಸೀಸನ್ನಿಗೆ ಮೊದಲು ಇವರು ಮೊಬೈಲನ್ನು ನನ್ನ ಮುಂದೆ ಹಿಡಿದರು. ವಿಮಾನ ನಿಲ್ದಾಣದಲ್ಲಿ ಹಾರ ಹಾಕಿಸಿಕೊಂಡು ನಿಂತ ಒಬ್ಬ ವಿದೇಶಿ ಆಟಗಾರ, ಪಕ್ಕದಲ್ಲಿ ನಗುತ್ತಾ ಅದೇ ಮ್ಯಾನೇಜರು. ಗೋಲು ಹೊಡೆಯಲು ಕರೆಸಿದ್ದರು. ಅವನಿಗೆ ಕೊಡುವ ಪಗಾರದ ಸುದ್ದಿ ತಂಡದಲ್ಲೆಲ್ಲ ಹಬ್ಬಿತ್ತಂತೆ. ಇವರ ಸಾಲಿನಲ್ಲಿ ಹಿಂದೆ ನಿಂತು ಆಡುವ ನಮ್ಮ ದೇಶದವರೆಲ್ಲರದೂ ಕೂಡಿಸಿದರೂ ಅವನೊಬ್ಬನದು ಹೆಚ್ಚು.

"ಇವಗ ರೊಕ್ಕ ಎಲ್ಲಿಂದ ಬಂತ್ರಿ?" ಎಂದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಹೋಟೆಲುಗಳಿಗೆ ಬೀಗ ಬಿದ್ದದ್ದು ಸುಳ್ಳಲ್ಲ, ಮೈದಾನ ಖಾಲಿಯಿದ್ದದ್ದೂ ಸುಳ್ಳಲ್ಲ. ಹಾಗಾದರೆ ಇದು?

"ಇತ್ತು" ಎಂದರು ಇವರು.

ಮುಂದಿನ ವರ್ಷ ಈಶಾನ್ಯದ ಗುಡ್ಡಗಾಡಿನ ಒಂದು ಚಿಕ್ಕ ಕ್ಲಬ್ಬು ಇವರನ್ನು ಕರೆಯಿತು. ಪಗಾರ ಮೊದಲಿನದರ ಕಾಲು ಭಾಗ. ಹೋದರು. ಎರಡನೆಯ ಅಲೆ ಬಂದು ಅಲ್ಲಿಯೂ ಆಟ ನಿಂತಾಗ, ಆ ಕ್ಲಬ್ಬಿನ ಯಜಮಾನರು ಎಲ್ಲರನ್ನೂ ಒಂದೇ ಖೋಲಿಯಲ್ಲಿ ಕೂರಿಸಿ, ಅಡುಗೆಯವಳನ್ನೂ ಕರೆದು ಕೂರಿಸಿ, ಕಡಿಯುವುದು ಮೊದಲು ತಮ್ಮದು, ಆಮೇಲೆ ಹೆಚ್ಚು ತೆಗೆದುಕೊಳ್ಳುವವರದು, ಕೆಳಗಿನವರದು ಏನೂ ಇಲ್ಲ ಎಂದರಂತೆ. ಇವರು ಒಂದು ಮಾತೂ ಕೇಳದೆ ಒಪ್ಪಿಗೆ ಎಂದು ಕೈ ಎತ್ತಿದರಂತೆ. ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ದನಿ ಹಗುರವಾಗಿತ್ತು. ಅಲ್ಲೇ ಇವರ ಮೊಣಕಾಲು ಕೊನೆಗೂ ಸೋತಿತು. ಈಗ ಚಿಕ್ಕೋಡಿಯಲ್ಲಿ, ನನ್ನ ಶಾಲೆಯ ಹಿಂದಿನ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಕಾಗವಾಡದಿಂದ ಕೂಡ ಹುಡುಗಿಯರು ಬಸ್ಸು ಹತ್ತಿ ಬರುತ್ತಾರೆ.

ಕುಡಚಿಯ ಹುಡುಗ ಬಹಳ ದಿನ ಮಾತಾಡಲಿಲ್ಲ. ಅವನ ಅಕ್ಕನ ಮದುವೆಗೆ ಕರೆ ಬಂದಾಗ ನಾವು ಹೋದೆವು. ಅವರಪ್ಪ ಇವರ ಕೈ ಹಿಡಿದುಕೊಂಡು ಊಟದ ಸಾಲಿಗೆ ಕರೆದೊಯ್ದು, ತಾವೇ ಬಡಿಸಿದರು. ಆ ಬೆಳಗಿನ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗ ಆ ಕ್ಲಬ್ಬು ಬಿಟ್ಟು ಬೇರೆ ಕಡೆ ಹೋದ, ಬೆಳೆದ, ಈಗ ಅಲ್ಲಿ ಅವನೇ ಕ್ಯಾಪ್ಟನ್.

ಈಚೆಗೆ ಮತ್ತೆ ಎಲ್ಲೆಲ್ಲೂ ಗೊಂದಲ. ಲೀಗು ನಡೆಯುತ್ತದೋ ಇಲ್ಲವೋ, ನಡೆದರೂ ಹಣ ಯಾರು ಹಾಕುತ್ತಾರೋ ಗೊತ್ತಿಲ್ಲ. ಒಂದು ರವಿವಾರ ಅವನ ಫೋನ್ ಬಂತು. "ಭಾಯಿ, ನಮಗೂ ಪಗಾರ ಕಮ್ಮಿ ಮಾಡಕೋರಿ ಅನ್ನಾಕತ್ತಾರ. ಏನ್ ಮಾಡ್ಲಿ?"

ನಾನು ಪಕ್ಕದಲ್ಲೇ ಇದ್ದೆ. ಒಪ್ಪಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಇವರು, "ಒಪ್ಪಕೋ" ಎಂದರು. ನಾನು ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟೆ. "ಆಟ ಇಲ್ಲಂದ್ರ ಒಪ್ಪಬೇಕಾಗ್ತೈತಿ. ಆದ್ರ ಒಬ್ಬಾವ ಮಾತಾಡಬ್ಯಾಡ. ಎಲ್ಲಾರೂ ಕೂಡಿ ಹೋಗ್ರಿ. ಹೊರಗಿನ ದೇಶದವರನ್ನೂ ಕರಕೊಂಡ ಹೋಗ್ರಿ. ಸಣ್ಣ ಪಗಾರದವರ ಮಾತ ಮೊದಲ ಕಾಗದದ ಮ್ಯಾಲ ಬರಸ್ರಿ, ಆಮ್ಯಾಲ ನಿಮ್ಮ ಸಹಿ."

"ಹೊರಗಿನವರು ಬರಂಗಿಲ್ಲ ಭಾಯಿ. ಅವರದ ಕರಾರ ಬ್ಯಾರೆ, ಅವರಿಗೇನ ಆಗೈತಿ?"

"ಕೇಳಿ ನೋಡು."

ಫೋನ್ ಇಟ್ಟ ಮೇಲೆ, "ಅವರ್ಯಾಕ ಬರ್ತಾರ್ರಿ?" ಎಂದೆ ನಾನು. ಆ ಹಾರದ ಫೋಟೊ ನೋಡಿದ ಮೇಲೆ ವಿದೇಶಿ ಆಟಗಾರರೆಂದರೆ ನನಗೆ ಒಳಗೊಳಗೇ ಉರಿಯುತ್ತಿತ್ತು. ಎರಡು ದಿನ ಬಿಟ್ಟು ಹುಡುಗ ಮತ್ತೆ ಫೋನ್ ಮಾಡಿದ. ಕರೆದವರಲ್ಲಿ ನಮ್ಮ ದೇಶದವರು ಅರ್ಧ ಮಂದಿ ಮಾತ್ರ ಬಂದಿದ್ದರಂತೆ. ವಿದೇಶದವರಲ್ಲಿ ಒಬ್ಬ ಬಂದಿದ್ದ. ತಂಡದಲ್ಲೇ ಅತಿ ಹೆಚ್ಚು ಪಗಾರದವನು, ಆಫ್ರಿಕಾ ಖಂಡದ ಕಡೆಯವನಂತೆ. ಅವನು ಕೊನೆಯವರೆಗೂ ಸುಮ್ಮನೆ ಕೂತಿದ್ದು, ಎದ್ದು ನಿಂತು ತನ್ನದು ಎಲ್ಲರಿಗಿಂತ ಹೆಚ್ಚು ಕಡಿಯಲಿ ಎಂದನಂತೆ. ನೀವು ಹಿಂದೆ ಸರಿದರೆ ನಾನು ಆಡುವುದಿಲ್ಲ ಎಂದು ಬರದೆ ಉಳಿದವರಿಗೆ ಹೇಳಿ ಕಳಿಸಿದನಂತೆ. ಆಡಳಿತದವರು ಒಪ್ಪಿದರು. ಬಟ್ಟೆ ಒಗೆಯುವವರ, ಅಡುಗೆಯವರ ಕೆಲಸ ಉಳಿಯಿತು. ಆಟಗಾರರ ಪಗಾರ ಮೇಲಿಂದ ಕೆಳಗೆ ಇಳಿಯುತ್ತಾ ಕಡಿತವಾಯಿತು.

"ಅವ ಹಂಗಂದ್ನಾ?" ಎಂದು ಇವರು ಎರಡು ಸಲ ಕೇಳಿದರು. ಕರಾವಳಿಯ ಹಳೆಯ ಕ್ಲಬ್ಬಿನಲ್ಲಿದ್ದಾಗ ಅದೇ ಮನುಷ್ಯನಿಗೆ ಎದುರಾಗಿ ಆಡಿದ್ದರಂತೆ. ಮೈದಾನದಲ್ಲಿ ಅವನಷ್ಟು ಕೆಟ್ಟ ಬೈಗುಳ ಬೈಯುವವನನ್ನು, ಮೊಣಕೈಯಲ್ಲಿ ತಿವಿಯುವವನನ್ನು ಕಂಡೇ ಇಲ್ಲವಂತೆ. ಒಮ್ಮೆ ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳಿಸಿದ್ದರಂತೆ.

ಇವರು ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತಾ ಕೂತರು. ಆಮೇಲೆ ಮತ್ತೆ ಕಿವಿಗೆ ಹಚ್ಚಿ, "ಅವನ ನಂಬರ ಕಳಸೋ" ಎಂದರು.